ಬೆನ್ನಿಗೆ ಮುಲಾಮು, ಮೇಲೆ ಎಕ್ಕೆ ಎಲೆ

ನಮ್ಮ ಮನೆತನದಲ್ಲಿ ಮದುಮಗಳನ್ನು ಸೋದರಮಾವ ಎತ್ತಿಕೊಂಡು ಮಂಟಪಕ್ಕೆ ತರಬೇಕು. ಅಳವಂಡಿಯಲ್ಲಿರುವ ನನ್ನ ಅಕ್ಕನ ಮಗಳು ಶೈಲಾಳ ಮದುವೆ ನಿಶ್ಚಯವಾದಾಗ ಆ ಘನವಾದ ಹೊಣೆ ನನ್ನ ಮೇಲೆ ಬಂತು. ಅವಳಿಗೆ ಇರುವವನು ನಾನೊಬ್ಬನೇ ಮಾವ. ಕೂಸಿದ್ದಾಗ ಅವಳನ್ನು ಎತ್ತಿ ಆಡಿಸಿದವನು ನಾನೇ ಆದ್ದರಿಂದ, ಈಗಲೂ ಎತ್ತಬಲ್ಲೆ ಎಂಬ ಧೈರ್ಯ ನನಗಿತ್ತು.

ಆದರೂ ಮುಂಜಾಗ್ರತೆ ಇರಲಿ ಎಂದು ಮದುವೆಯ ಹಿಂದಿನ ದಿನ ಕುಷ್ಟಗಿಯ ನಮ್ಮ ಮನೆಯಲ್ಲಿ ಜೋಳದ ಚೀಲ ಎತ್ತಿ ತಾಲೀಮು ಮಾಡಿದೆ. ಚೀಲ ಅರ್ಧ ಎದ್ದಿತು. ಸೊಂಟ ಹಿಡಿದು ನಾನೂ ಅರ್ಧಕ್ಕೇ ನಿಂತೆ.

ಹೆಂಡತಿ ಗಿರಿಜಾ ಓಡಿಬಂದು ನನ್ನನ್ನು ಗೋಡೆಗೆ ಆನಿಸಿ ನಿಲ್ಲಿಸಿದಳು.

"ಚೀಲ ಎತ್ತಂತ ಯಾರ್ ಹೇಳಿದ್ರು ನಿಮಗ?"

"ಶೈಲಾನ್ನ ಎತ್ತಾಕ ತಾಲೀಮು ಮಾಡಾಕತ್ತಿದ್ದೆ."

"ಜೋಳದ ಚೀಲ ಹಿಡದು ಮಾಡಿದ್ರಿ ಅಂತ ಆಕಿ ಮುಂದ ಹೇಳಬ್ಯಾಡ್ರಿ ಮತ್ತ."

ಔಷಧ ಅಂಗಡಿಯಿಂದ ನೋವಿನ ಮುಲಾಮು ತರಿಸಿದೆ. ಗಿರಿಜಾ ಟ್ಯೂಬಿನ ಮೇಲಿನ ಸೂಚನೆ ಓದತೊಡಗಿದಳು. "ತೆಳ್ಳಗ ಹಚ್ಚಬೇಕಂತ್ರಿ. ಮ್ಯಾಲೆ ಬಿಗಿಯಾಗಿ ಏನೂ ಕಟ್ಟಬಾರದಂತ, ಕಾವು ಕೊಡಬಾರದಂತ. ಹಚ್ಚಿದ ಮ್ಯಾಲೆ ಕೈ ತೊಳ್ಕೊಬೇಕಂತ."

"ಅದೆಲ್ಲಾ ಕಂಪನಿಯವರು ಸುಮ್ಮನ ಬರೀತಾರ," ಎಂದೆ. ಇಲ್ಲಿ ಒಂದು ಮಾತು ಅರಿಕೆ ಮಾಡಿಕೊಳ್ಳಬೇಕು: ಸೂಚನೆ ಓದದೆ ತುಂಬಿದ್ದಾರೆಂದು ಜನರ ಅರ್ಜಿಗಳನ್ನು ವಾಪಸು ಕಳಿಸುವುದೇ ಸರ್ಕಾರಿ ಕಚೇರಿಯಲ್ಲಿ ನನ್ನ ಉದ್ಯೋಗ.

ಮದುವೆಯ ಮುಂಜಾನೆ ಅಕ್ಕನ ಮನೆಯಲ್ಲಿ ತೆಳ್ಳಗೆ ಹಚ್ಚುವ ಜಿಪುಣತನ ಬಿಟ್ಟು, ಅರ್ಧ ಟ್ಯೂಬನ್ನು ಬೆನ್ನಿಗೆ ಬಳಿದುಕೊಂಡೆ. ಮುಹೂರ್ತ ಹತ್ತಿರ ಬಂದರೂ ನೋವು ಜಗ್ಗಲಿಲ್ಲ. ಅಕ್ಕ ಗಾಬರಿಯಾದಳು.

"ನೀ ಎತ್ತಲಿಲ್ಲಂದ್ರ ಬೀಗರ ಮುಂದ ನನ್ನ ಮಾನ ಹೋಗ್ತೈತಿ ನೋಡು," ಎಂದವಳೇ ಹಿತ್ತಲಿನಿಂದ ಎಕ್ಕೆ ಎಲೆ ಕಿತ್ತು ತಂದಳು. ನಮ್ಮ ಕಡೆ ಸೊಂಟ ಹಿಡಿದರೆ ಎಕ್ಕೆ ಎಲೆಗೆ ಎಣ್ಣೆ ಸವರಿ, ಹಂಚಿನ ಮೇಲೆ ಬಿಸಿ ಮಾಡಿ ಕಟ್ಟುವುದು ವಾಡಿಕೆ. ಆಗಲೇ ಮುಲಾಮು ಹಚ್ಚಿಯಾಗಿದೆ ಎಂದು ಗಿರಿಜಾ ಅಡ್ಡ ಬಂದಳು.

"ಎರಡೂ ಕೂಡಿದ್ರ ಲಗೂನ ಗುಣ ಆಕ್ಕೈತಿ," ಎಂದು ನಾನೇ ತೀರ್ಪು ಕೊಟ್ಟೆ. ಅಕ್ಕ ಬಿಸಿ ಎಲೆಗಳನ್ನಿಟ್ಟು ಧೋತರದಿಂದ ಬಿಗಿದು ಕಟ್ಟಿದಳು.

ಮೊದಲು ಹಿತವಾಗಿತ್ತು. ಆಮೇಲೆ ಬೆಚ್ಚಗಾಯಿತು. ಆಮೇಲೆ ನನ್ನ ಬೆನ್ನ ಮೇಲೆ ಯಾರೋ ಮಿರ್ಚಿ ಕರಿಯುತ್ತಿರುವಂತಾಯಿತು. ಮುಖದ ಮೇಲೆ ಬೆವರು ಕಿತ್ತು ಬಂತು, ಒರೆಸಿಕೊಂಡೆ. ಮುಲಾಮು ಹಚ್ಚಿದ್ದ ಕೈ! ಎರಡೂ ಕಣ್ಣು ಮುಚ್ಚಿಹೋದವು.

ಗಿರಿಜಾ ನನ್ನನ್ನು ಬಚ್ಚಲಿಗೆ ಎಳೆದೊಯ್ದು, ಕಟ್ಟು ಬಿಚ್ಚಿ, ಬೆನ್ನಿಗೆ ಸಾಬೂನು ಹಚ್ಚಿ ತೊಳೆದಳು. ಕಣ್ಣಿಗೆ ತಣ್ಣೀರು ಸುರಿದಳು. ಬೆನ್ನು ಕೆಂಪಾಗಿತ್ತು, ಅಂಗಿ ತಾಕಿದರೂ ಉರಿಯುತ್ತಿತ್ತು.

"ಓದಿ ಹೇಳಿದ್ನಿಲ್ರಿ ನಾನು?"

"ಹೇಳಿದ್ದಿ."

ಹೊರಗೆ ಬಾಜಾಭಜಂತ್ರಿ ಶುರುವಾಯಿತು. ಅಷ್ಟರಲ್ಲಿ ಮದುಮಗಳೇ ಬಚ್ಚಲ ಬಾಗಿಲಿಗೆ ಬಂದಳು. "ಮಾಮಾ, ಎತ್ತೂದು ಬ್ಯಾಡ. ನನ್ನ ಕೈ ಹಿಡ್ಕೊಂಡು ನಡಿ, ಬೀಳಬ್ಯಾಡ ಅಷ್ಟ," ಎಂದಳು. ನನಗೆ ನಿಜಕ್ಕೂ ಸಂಕಟವಾಯಿತು. ಆ ಮದುವೆಯಲ್ಲಿ ನನಗೆಂದು ಇದ್ದ ಕೆಲಸ ಅದೊಂದೇ.

ಮದುಮಗಳ ತೋಳು ಹಿಡಿದು, ಬಾಗಿದ ಬೆನ್ನಲ್ಲಿ, ಧಾರಾಕಾರ ಕಣ್ಣೀರಿನೊಂದಿಗೆ ಮಂಟಪದ ಕಡೆ ನಡೆದೆ. ನಮ್ಮ ಕಡೆಯ ಹೆಂಗಸರು, "ಸೋದರಮಾವ ಅಂದ್ರ ಹಿಂಗಿರಬೇಕು ನೋಡ್ರಿ, ಏನ್ ಅಂತಃಕರಣ," ಎಂದು ತಾವೂ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಅಲ್ಲಗಳೆಯಲಿಲ್ಲ. ಅಂತೂ ಅಕ್ಕನ ಮಾನ ಉಳಿಯಿತು ಅಂದುಕೊಳ್ಳುವಷ್ಟರಲ್ಲಿ ಬೀಗರ ಕಡೆಯ ಮುದುಕಿಯೊಬ್ಬಳು ದನಿ ಎತ್ತಿದಳು.

"ಹುಡುಗಿ ಅಜ್ಜಗ ಭಾಳ ವಯಸ್ಸಾದಂಗೈತಿ ಪಾಪ. ಅವನ್ನ ಯಾಕ ನಡಿಸ್ತೀರಿ? ಕುರ್ಚಿ ಹಾಕ್ರಿ."

ಕುರ್ಚಿ ಹಾಕಿದರು. ಕೂತೆ. ಒರಗಲಿಕ್ಕೆ ಮಾತ್ರ ಆಗಲಿಲ್ಲ.