ಭಾನುವಾರದ ಬೋರ್ಡು

ಮನುಷ್ಯ ತನಗಿಂತ ಬಹಳ ಮೇಲಿರುವವರನ್ನು ಕಂಡು ಹೊಟ್ಟೆಕಿಚ್ಚು ಪಡುವುದಿಲ್ಲ. ಮಣಿಪಾಲದ ದೊಡ್ಡ ಡಾಕ್ಟರರು ಕಾರಿನಲ್ಲಿ ಹೋದರೆ ನಾನು ಬದಿಗೆ ಸರಿದು ನಮಸ್ಕಾರ ಹೇಳುತ್ತೇನೆ. ಉಡುಪಿಯಲ್ಲಿ ಎರಡು ಮಾಳಿಗೆಯ ಮದ್ದಿನ ಅಂಗಡಿ ಎದ್ದರೂ ನನ್ನ ಊಟ ನಿದ್ದೆಗಳಿಗೆ ಏನೂ ಆಗುವುದಿಲ್ಲ. ಆದರೆ ರಸ್ತೆಯ ಆಚೆ ಬದಿಯ ಅಂಗಡಿಯವನು ಒಂದು ಕುರ್ಚಿ ತಂದು ಹಾಕಿದರೆ ಮಾತ್ರ ತಡೆದುಕೊಳ್ಳಲು ಆಗುವುದಿಲ್ಲ. ಇದು ಎಲ್ಲರ ಸ್ವಭಾವವೋ ನನ್ನೊಬ್ಬನದೋ ಗೊತ್ತಿಲ್ಲ. ಎಲ್ಲರದು ಎಂದುಕೊಂಡರೆ ನನಗೆ ಸ್ವಲ್ಪ ಸಮಾಧಾನ.

ಕಾಪು ಪೇಟೆಯಲ್ಲಿ ಹನ್ನೆರಡು ವರ್ಷ ಮದ್ದಿನ ಅಂಗಡಿ ಎಂದರೆ ನನ್ನದೊಂದೇ. ಆಗ ಮಿಕ್ಸ್ಚರಿನ ಬಾಟಲಿಗೆ ಒಂದು ಸಲಕ್ಕೆ ಎಷ್ಟು ಕುಡಿಯಬೇಕೆಂದು ತಿಳಿಯಲು ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದೆವು. ನಾನು ಕತ್ತರಿಸಿದ ಪಟ್ಟಿಯನ್ನು ಕಂಡು ದರ್ಜಿಯೊಬ್ಬ ಮೆಚ್ಚಿದ್ದುಂಟು. ಹೀಗಿರುವಾಗ ಎಂಬತ್ತರ ಸುಮಾರಿಗೆ ಎದುರಿನಲ್ಲೇ ಹಮೀದ್ ಎಂಬ ಹುಡುಗ ಇನ್ನೊಂದು ಅಂಗಡಿ ತೆರೆದ. ಮಣಿಪಾಲದಲ್ಲಿ ಫಾರ್ಮಸಿ ಓದಿದವನು, ಅಣ್ಣ ಗಲ್ಫಿನಲ್ಲಿ. ಗಾಜಿನ ಕಪಾಟು ಬಂತು, ಸಹಿಸಿದೆ. ಫ್ಯಾನು ಬಂತು, ಅದನ್ನೂ ಸಹಿಸಿದೆ. ಕೊನೆಗೆ ಪ್ಲಾಸ್ಟಿಕ್ ವಯರಿನಿಂದ ಹೆಣೆದ ಒಂದು ಹಸಿರು ಕುರ್ಚಿ ಬಂತು. ಬಂದವರನ್ನು ಅದರಲ್ಲಿ ಕೂರಿಸಿ ಕೆಮ್ಮು ಹೇಗುಂಟು, ನಿದ್ದೆ ಬರುತ್ತದೋ ಎಂದು ವಿಚಾರಿಸತೊಡಗಿದ. ನನ್ನ ಗಿರಾಕಿಗಳು ಹನ್ನೆರಡು ವರ್ಷ ನಿಂತೇ ಮದ್ದು ಒಯ್ದಿದ್ದರು; ಅವರಿಗೂ ಕಾಲು ನೋಯುತ್ತದೆಂದು ಒಬ್ಬನಾದರೂ ನನಗೆ ಹೇಳಿರಲಿಲ್ಲ.

ಆ ವರ್ಷ ಪಂಚಾಯತಿ ಅಧ್ಯಕ್ಷರು ಒಂದು ಸಭೆ ಕರೆದರು. ಭಾನುವಾರ ನಮ್ಮ ಎರಡೂ ಅಂಗಡಿಗಳಿಗೆ ರಜೆ. ಒಂದು ಜ್ವರದ ಮಾತ್ರೆ ಬೇಕಾದರೂ ಜನ ಉಡುಪಿಯ ಬಸ್ಸು ಹತ್ತಬೇಕು. ಊರಿಗೆ ವಾರವಿಡೀ ಮದ್ದು ಸಿಗುವಂತೆ ಒಂದು ಯೋಜನೆ ಆಗಬೇಕು, ನೀವಿಬ್ಬರೂ ಒಂದೊಂದು ಭಾನುವಾರ ತೆರೆದರೆ ಹೇಗೆ ಎಂದು ಕೇಳಿದರು. ನನಗೆ ಭಾನುವಾರವೆಂದರೆ ಊಟದ ಮೇಲಿನ ನಿದ್ದೆ. ಅದಕ್ಕಿಂತ ಮುಖ್ಯವಾಗಿ, ಶತ್ರುವನ್ನು ಸುಸ್ತು ಮಾಡಲು ಇದೇ ಸಮಯ ಎಂದು ಹೊಳೆಯಿತು. ಎದ್ದು ನಿಂತು ಸಣ್ಣ ಭಾಷಣವನ್ನೇ ಮಾಡಿದೆ. ಹಮೀದ್ ಹೊಸದಾಗಿ ಓದಿದವನು, ಮೈಯಲ್ಲಿ ಶಕ್ತಿ ಇದೆ, ಸೇವೆ ಮಾಡುವ ಉತ್ಸಾಹವಿದೆ. ಎಲ್ಲ ಭಾನುವಾರಗಳೂ ಅವನಿಗೇ ಇರಲಿ ಎಂದೆ. ಮೂರು ತಿಂಗಳಲ್ಲಿ ಬೇಸತ್ತು ಬಾಗಿಲು ಹಾಕುತ್ತಾನೆ ಎಂಬುದು ನನ್ನ ಅಂದಾಜು. ರಾಯರು ಹೇಳಿದ ಹಾಗೆ ಆಗಲಿ ಎಂದು ಹಮೀದ್ ನನ್ನತ್ತ ತಿರುಗಿ ಹೇಳಿದ. ಅಧ್ಯಕ್ಷರು ನನ್ನ ದೊಡ್ಡ ಮನಸ್ಸನ್ನು ಹೊಗಳಿ, ಮುಚ್ಚಿದ ಅಂಗಡಿಯವರು ಇಂದು ಮದ್ದು ಎಲ್ಲಿ ಸಿಗುತ್ತದೆಂದು ಬೋರ್ಡು ತೂಗಹಾಕಬೇಕು ಎಂದು ಸೇರಿಸಿದರು.

ಈ ಬೋರ್ಡಿನ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ನನ್ನ ಬಾಗಿಲಿನ ಮೇಲೆ, ನನ್ನ ಕೈಯಕ್ಷರದಲ್ಲಿ, ಅವನ ಅಂಗಡಿಯ ಹೆಸರು. ಬರೆದೆ, ಆದರೆ ಇರುವೆ ಗಾತ್ರದ ಅಕ್ಷರಗಳಲ್ಲಿ ಬರೆದೆ. ಬಾಗಿಲ ಮೇಲಿನ ಅಡ್ಡಪಟ್ಟಿಗೆ, ಜೇಡರ ಬಲೆಯ ಪಕ್ಕ ತೂಗಹಾಕಿದೆ. ಇದರಿಂದ ಆದ ಲಾಭವೆಂದರೆ, ಓದಲಾಗದವರೆಲ್ಲ ಅಂಗಡಿಯ ಹಿಂದೆಯೇ ಇದ್ದ ನನ್ನ ಮನೆಗೆ ಬರತೊಡಗಿದರು. ಶಂಕರಪುರದಿಂದ ಮಲ್ಲಿಗೆ ತರುವ ಜಲಜಕ್ಕ ಅಂಗಳದಲ್ಲಿ ನಿಂತು ಮದ್ದು ಎಲ್ಲಿ ಸಿಗುತ್ತದೆಂದು ಕೇಳುವಾಗ, ಹಮೀದನಲ್ಲಿಗೆ ಹೋಗಿ ಎಂದು ನಾನು ಬಾಯಿಬಿಟ್ಟು ಹೇಳಬೇಕು. ಹೋದವರು ಸೋಮವಾರವೂ ಅಲ್ಲಿಗೇ ಹೋದರು. ಕುರ್ಚಿಯ ರುಚಿ ಹತ್ತಿತ್ತು.

ನನ್ನ ಮಧ್ಯಾಹ್ನದ ನಿದ್ದೆಯೂ ಹೋಯಿತು. ಅಂಗಡಿ ಗುಡಿಸಲಿಕ್ಕೆ ಉಂಟು ಎಂದು ಮನೆಯಲ್ಲಿ ಹೇಳಿ, ಹಲಗೆ ಬಾಗಿಲಿನ ಸಂದಿಯಿಂದ ಎದುರಿನ ಕುರ್ಚಿಯನ್ನೇ ನೋಡುತ್ತ ಕೂರುತ್ತಿದ್ದೆ. ಯಾರು ಬಂದರು, ಎಷ್ಟು ಹೊತ್ತು ಕೂತರು, ನಗುತ್ತ ಎದ್ದರೋ ಸುಮ್ಮನೆ ಎದ್ದರೋ. ನನ್ನ ಹಳೆಯ ಗಿರಾಕಿ ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೀಗೆ ಒಂದು ಭಾನುವಾರ ನೋಡುತ್ತೇನೆ, ಕುರ್ಚಿಯಲ್ಲಿ ಒಂದು ಕಂದು ಸೀರೆ, ನನಗೆ ಬೆನ್ನು ಹಾಕಿ ಕೂತಿದೆ. ಸೀರೆಯ ಗುರುತು ಹತ್ತಿತು. ನನ್ನ ಅಮ್ಮ!

ನಾನು ಅಡಗಿ ಕೂತಿದ್ದೇನೆಂಬುದೇ ಮರೆತುಹೋಯಿತು. ಹಲಗೆ ಸರಿಸಿ, ತಲೆಯ ಮೇಲಿನ ಧೂಳನ್ನೂ ಕೊಡವದೆ ರಸ್ತೆ ದಾಟಿದೆ. ಹಮೀದ್ ಎದ್ದು ನಿಂತ.

"ಬನ್ನಿ ರಾಯರೇ. ಅಮ್ಮನ ಬಿ.ಪಿ. ಮಾತ್ರೆ ನಿನ್ನೆಗೆ ಮುಗಿದಿರಬೇಕು ಅಂತ ಎರಡು ಪಟ್ಟಿ ತೆಗೆದಿಟ್ಟಿದ್ದೆ."

ಅಮ್ಮನ ಮಾತ್ರೆ ಎಂದಿಗೆ ಮುಗಿಯುತ್ತದೆಂದು ಅವನಿಗೆ ಗೊತ್ತು. ನನಗೆ ಗೊತ್ತಿರಲಿಲ್ಲ. ಕಾಪುವಿನಲ್ಲಿ ಮದ್ದಿನ ಅಂಗಡಿ ಇಟ್ಟವನ ತಾಯಿ ಎದುರಿನ ಅಂಗಡಿಯಿಂದ ಮಾತ್ರೆ ಒಯ್ಯುತ್ತಾಳೆಂದು ಊರು ತಿಳಿದರೆ ನಾನು ಮುಖ ಎಲ್ಲಿಡಲಿ? ಮನೆಗೆ ಬಂದ ಮೇಲೆ, ಇದು ಯಾವಾಗಿನಿಂದ ನಡೆಯುತ್ತಿದೆ ಎಂದು ಕೇಳಿದೆ. ಅಮ್ಮ ಕಾಲು ನೀವಿಕೊಳ್ಳುತ್ತ ಕೂತಿದ್ದಳು.

"ನೀನು ಬೋರ್ಡು ಹಾಕಿದಂದಿನಿಂದ. ಭಾನುವಾರ ಅಲ್ಲಿಗೆ ಹೋಗಿ ಅಂತ ಬರೆದದ್ದು ನೀನೇ ಅಲ್ವಾ?" ಎಂದಳು. ಮಂಡಿಗೆ ಕೈಯೊತ್ತಿ ಸೇರಿಸಿದಳು: "ಮಾತ್ರೆ ನಿನ್ನಲ್ಲಿಯೂ ಉಂಟು ಮಾರಾಯ. ಅವನು ಮಂಡಿನೋವು ಹೇಗುಂಟು ಅಂತ ಕೇಳ್ತಾನೆ."

ಇಡೀ ಊರಿನಲ್ಲಿ ಆ ಬೋರ್ಡನ್ನು ಕಷ್ಟಪಟ್ಟು ಓದಿದವಳು ನನ್ನ ಅಮ್ಮ ಒಬ್ಬಳೇ. ನನಗೆ ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಾಚಿಕೆ ಆದದ್ದೂ ಹೌದು, ಆದರೆ ಹೊಟ್ಟೆಕಿಚ್ಚಿನ ಪಾಲೇ ದೊಡ್ಡದಿತ್ತು. ಮರುದಿನವೇ ಅಧ್ಯಕ್ಷರ ಬಳಿಗೆ ಹೋಗಿ, ನನಗೂ ಸೇವೆ ಮಾಡುವ ಮನಸ್ಸಾಗಿದೆ, ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ನನಗೂ ಕೊಡಿ ಎಂದೆ. ಹಮೀದ್ ಕೂಡಲೇ ಒಪ್ಪಿಕೊಂಡ. ನನ್ನೊಡನೆ ಜಗಳವಾಡುವ ಸಂತೋಷವನ್ನೂ ಅವನು ನನಗೆ ಕೊಡಲಿಲ್ಲ.

ನನ್ನ ಮೊದಲ ಭಾನುವಾರ ಬೆಳಿಗ್ಗೆ ಬಂದು ನೋಡಿದರೆ ನನ್ನ ಜಗಲಿಯಲ್ಲಿ ಹಸಿರು ಕುರ್ಚಿ. ಅಮ್ಮನಿಗೆ ನಿಲ್ಲಲಿಕ್ಕೆ ಆಗುವುದಿಲ್ಲ, ಇವತ್ತು ಇಲ್ಲಿರಲಿ ಎಂದು ಹಮೀದ್ ತಾನೇ ತಂದಿಟ್ಟು ಹೋದನೆಂದು ಪಕ್ಕದ ಹೋಟೆಲಿನವರು ಹೇಳಿದರು. ಎದುರಿನ ಮುಚ್ಚಿದ ಬಾಗಿಲಿನ ಮೇಲೆ, ಮನುಷ್ಯನ ಕಣ್ಣಿಗೆ ನೇರವಾಗಿ, ಒಂದು ಬೋರ್ಡು. ಅಂಗೈಯಗಲದ ಕೆಂಪು ಅಕ್ಷರಗಳಲ್ಲಿ ನನ್ನ ಅಂಗಡಿಯ ಹೆಸರು, ಅದರ ಕೆಳಗೆ ನನ್ನ ಕಡೆಗೆ ತೋರಿಸುವ ಒಂದು ಬಾಣ.

ಹತ್ತು ಗಂಟೆಗೆ ಅಮ್ಮ ಬಂದು ಕುರ್ಚಿಯಲ್ಲಿ ಕೂತಳು. ನಾನು ಗಂಟಲು ಸರಿಮಾಡಿಕೊಂಡು, ಆದಷ್ಟು ಹಮೀದನ ಹಾಗೆಯೇ, ಮಂಡಿನೋವು ಹೇಗುಂಟು ಎಂದು ಕೇಳಿದೆ. ಅಮ್ಮ ರಸ್ತೆಯ ಆಚೆಗೆ ನೋಡುತ್ತಿದ್ದಳು.

"ಎಷ್ಟು ಚಂದ ಬರೆದಿದ್ದಾನೆ ನೋಡು," ಎಂದಳು. "ಕನ್ನಡಕವೇ ಬೇಡ."

ಕೈಯಲ್ಲಿದ್ದ ಮಾತ್ರೆಯ ಪಟ್ಟಿಯನ್ನು ಅವಳಿಗೆ ಕೊಡುವುದನ್ನೂ ಮರೆತು, ಮುಂದಿನ ವಾರದ ನನ್ನ ಬೋರ್ಡಿಗೆ ಅಷ್ಟು ಕೆಂಪಾದ ಬಣ್ಣ ಕಾಪುವಿನಲ್ಲಿ ಯಾರ ಅಂಗಡಿಯಲ್ಲಿ ಸಿಗಬಹುದೆಂದು ನಾನು ಯೋಚಿಸುತ್ತ ನಿಂತೆ.