ಪತಂಗಕ್ಕೊಂದು ರಹದಾರಿ

ಇಂದು ಶ್ರಾವಣದ ಮೊದಲ ಸೋಮವಾರ. ಸಂಜೆಯ ಸಣ್ಣ ಮಳೆ ನಿಂತ ತರುವಾಯ ನಮ್ಮ ಪಡಸಾಲೆಯಲ್ಲಿ ದೀಪ ಹಚ್ಚಿದೊಡನೆ ಅಂಗೈಯಗಲದ ಪತಂಗವೊಂದು ಬಂದು ಗೋಡೆಗೆ ಕುಳಿತಿದೆ. ಇಂಥದನ್ನು ಕೊಂಡು ತರಿಸಿ ಸಾಕುವುದಕ್ಕೆ ಕಾನೂನಿನ ಅಡ್ಡಿಯುಂಟೇ ಎಂದು ಮೊಮ್ಮಗಳು ಕೇಳಿದ ಕಾರಣ ಈ ಬರಹ ಹುಟ್ಟಿತು. ರೆಕ್ಕೆಯುಳ್ಳ ಜೀವಿಯೂ ಮೊಹರುಳ್ಳ ಕಚೇರಿಯೂ ಎಲ್ಲೆಲ್ಲಿ ಎದುರಾಗುತ್ತವೆಯೋ ಅಲ್ಲಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಾನು ಕಣ್ಣಾರೆ ಕಂಡವು ಕೆಲವು.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ರಾಯಚೂರಿನ ಕಾಲೇಜೊಂದರಲ್ಲಿ ಹಳಗನ್ನಡ ಪಾಠ ಹೇಳುತ್ತಿದ್ದೆ. ನೆರೆಮನೆಯಲ್ಲಿದ್ದವರು ಅದೇ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರು. ಅವರನ್ನು ಇಲ್ಲಿ ಪ್ರಾಣಿಶಾಸ್ತ್ರಿಗಳೆಂದೇ ಕರೆಯುತ್ತೇನೆ. ಕಾಡುರೇಷ್ಮೆಯ ಪತಂಗಗಳನ್ನು ಮನೆಯಲ್ಲಿ ಸಾಕಿ, ತತ್ತಿ ಇಡಿಸಿ, ಹುಳುಗಳನ್ನು ಹಿತ್ತಿಲ ಬಾರಿಗಿಡದ, ಅಂದರೆ ಬೋರೆಗಿಡದ, ಮೇಲೆ ಬೆಳೆಸಬೇಕೆಂಬುದು ಅವರ ಜೀವಮಾನದ ಹಂಬಲ. ಆ ಪತಂಗಕ್ಕೆ ಬಾಯಿಯಿಲ್ಲ. ಗೂಡೊಡೆದು ಬಂದ ಮೇಲೆ ಉಣ್ಣದೆ ಒಂದು ವಾರ ಬದುಕಿದರೆ ಹೆಚ್ಚು. ಅಷ್ಟರೊಳಗೆ ಗಂಡು ಹೆಣ್ಣು ಒಂದೆಡೆ ಸೇರಬೇಕು. ಅವರ ಮನೆಯಲ್ಲಿ ಅದು ಯಾವ ವರ್ಷವೂ ಕೂಡಿಬಂದಿರಲಿಲ್ಲ.

ಅತ್ತ ಅವರ ಮನೆಯವರ ಸೀರೆಗಳನ್ನೆಲ್ಲ ಆ ಬಾರಿಗಿಡದ ಮುಳ್ಳು ಸೀಳಿಹಾಕಿತ್ತು. ಆ ತಾಯಿ ನನ್ನೆದುರಿಗೇ ಗಂಡನಿಗೆ ಬರುವ ವರ್ಷದ ಮೃಗಶಿರೆ ಮಳೆಯವರೆಗೆ ಗಡುವು ವಿಧಿಸಿದರು: "ಮುಂದಿನ ಮಿರಗದ ಮಳಿ ಮುಗಿಯೂದ್ರಾಗ ತತ್ತಿ ಕಂಡ್ರ ಗಿಡ ಉಳೀತದ. ಇಲ್ಲಂದ್ರ ಕೊಡ್ಲಿ ತರಸ್ತೀನಿ."

೧. ಅಂಚೆಯ ಕೂಸು

ಗಡುವು ಬಿದ್ದ ವಾರದಲ್ಲೇ ಶಾಸ್ತ್ರಿಗಳ ಮನೆಯಲ್ಲಿ ಎರಡು ಪತಂಗ ಹೊರಬಂದವು, ಎರಡೂ ಗಂಡು. ಆದಿಲಾಬಾದಿನ ಕಡೆ ಇದೇ ಹುಚ್ಚು ಹಿಡಿದ ವೈದ್ಯರೊಬ್ಬರಿದ್ದರು. ತಮ್ಮಲ್ಲಿ ಹೆಣ್ಣು ಹೊರಬಂದಿದೆ, ಒಂದು ಗಂಡನ್ನು ಕಳುಹಿಸಿದರೆ ತತ್ತಿಯಲ್ಲಿ ಅರ್ಧಪಾಲು ಕೊಡುವೆನೆಂದು ಅವರು ತಂತಿ ಕಳುಹಿಸಿದರು. ಶಾಸ್ತ್ರಿಗಳು ಮಿಠಾಯಿ ಡಬ್ಬಿಗೆ ತೂತು ಕೊರೆದು, ಪತಂಗವನ್ನಿಟ್ಟು, ನನ್ನನ್ನೂ ಕರೆದುಕೊಂಡು ಅಂಚೆ ಕಚೇರಿಗೆ ನಡೆದರು.

ಅಲ್ಲಿಯ ಗುಮಾಸ್ತರು ನಿಯಮದ ಪುಸ್ತಕ ತೆಗೆದು ಸಾವಧಾನವಾಗಿ ಓದಿದರು. ಜೀವಂತವಾಗಿ ಕಳುಹಿಸಬಹುದಾದವು ಜೇನುಹುಳು, ಜಿಗಣೆ ಮತ್ತು ರೇಷ್ಮೆಹುಳು, ಪತಂಗದ ಹೆಸರಿಲ್ಲ. ಶಾಸ್ತ್ರಿಗಳು ಹಿಗ್ಗಿದರು. ಇದು ರೇಷ್ಮೆಹುಳುವೇ, ಬೆಳೆದು ಹೀಗಾಗಿದೆ, ಜೀವಿ ಒಂದೇ, ಅವಸ್ಥೆ ಬೇರೆ ಎಂದು ಒಂದು ತರಗತಿಗೆ ಸಾಲುವಷ್ಟು ವಿವರಿಸಿದರು. ಗುಮಾಸ್ತರು ಡಬ್ಬಿಯ ಮುಚ್ಚಳ ಸರಿಸಿ, ಪತಂಗದ ತಲೆಯ ಮೇಲೆ ಗರಿಯಂತೆ ಹರಡಿದ್ದ ಎರಡು ಮೀಸೆಗಳನ್ನು ನೋಡಿದರು.

"ಸರ್, ಬಸ್ಸಿನ್ಯಾಗ ಕಂಕುಳದಾಗಿನ ಕೂಸಿಗೆ ಟಿಕೇಟ್ ಇಲ್ಲ. ಅದು ದೊಡ್ಡದಾಗಿ ಬಂದು, ನಾ ಅದಽ ಕೂಸು ಅಂದ್ರ ಕಂಡಕ್ಟರ್ ಬಿಡ್ತಾನೇನ್ರಿ? ಇದಕ್ಕ ನೋಡಿದ್ರ ಮೀಸಿನೂ ಬಂದಾವ."

೨. ಸ್ವಚ್ಛಗೊಂಡ ಗೂಡುಗಳು

ಅಂಚೆಯ ದಾರಿ ಮುಚ್ಚಿದ ಮೇಲೆ ಮರುವರ್ಷ ಗೂಡುಗಳನ್ನೇ ಕೊಂಡು ತರುವುದೆಂದು ನಿಶ್ಚಯವಾಯಿತು. ದೇವದುರ್ಗದ ಸಂತೆಗೆ ಕುರಿ ಕಾಯುವ ಮನೆತನದ ಮುದುಕಿಯೊಬ್ಬಳು ಬರುತ್ತಿದ್ದಳು. ಅಡವಿಯ ಬಾರಿಕಂಟಿಗಳಲ್ಲಿ ತೂಗುವ ಗೂಡುಗಳನ್ನು ಆಕೆ ಬಲ್ಲಳು. ಎಷ್ಟು ಸಿಕ್ಕರೂ ಮುಂದಿನ ಸಂತೆಗೆ ತಾ ಎಂದು ಶಾಸ್ತ್ರಿಗಳು ಹೇಳಿ ಬಂದರು.

ಆ ಸೀಮೆಯ ಕುರಿಗಾರರು ಈ ಗೂಡನ್ನು ಉದ್ದನೆಯ ಪಟ್ಟಿಯಾಗಿ ಕತ್ತರಿಸಿ, ಅದರಿಂದ ಬಾರುಕೋಲನ್ನೂ ಕೊಡಲಿಯ ಕಾವನ್ನೂ ಬಿಗಿಯುತ್ತಾರೆ. ತೊಗಲಿಗಿಂತ ಗಟ್ಟಿಯೆಂದು ಅವರ ಅನುಭವ. ಶಾಸ್ತ್ರಿಗಳೂ ಅದಕ್ಕಾಗಿಯೇ ಕೇಳುತ್ತಿದ್ದಾರೆಂದು ಆಕೆ ತಿಳಿದಳು. ಮುಂದಿನ ಸಂತೆಯಲ್ಲಿ ಚೀಲ ಬಿಚ್ಚಿದರೆ ಗೂಡುಗಳೆಲ್ಲ ನೀಟಾಗಿ ಕೊಯ್ದು, ಒರೆಸಿ, ಬಿಸಿಲಿಗೆ ಒಣಗಿಸಿದವು. ಒಳಗಿನ ಹುಳು ಎಲ್ಲಿ ಎಂದು ಶಾಸ್ತ್ರಿಗಳು ಅಳುಮೋರೆಯಿಂದ ಕೇಳಿದರು.

"ಹುಳ ಬೇಕಿದ್ರ ಮದ್ಲ ಹೇಳೂದಲ್ಲೇನೋ ಯಪ್ಪಾ? ಕೋಳಿಗಿ ಹಾಕಿಬಿಟ್ಟೆ," ಎಂದಳು ಮುದುಕಿ. ಅವರ ಮುಖ ನೋಡಿ ಕನಿಕರವೂ ಹುಟ್ಟಿರಬೇಕು. "ಕೋಳಿ ಒಯ್ತಿಯೇನು? ಎಲ್ಲಾ ಅದರ ಹೊಟ್ಯಾಗ ಅದಾವ."

ಈ ಮಾತು ನಡೆದಾಗ ಪಕ್ಕದಲ್ಲಿ ಉಳ್ಳಾಗಡ್ಡಿ ಆರಿಸುತ್ತಿದ್ದ ಅರಣ್ಯ ರಕ್ಷಕನೊಬ್ಬ ತಿರುಗಿ ನೋಡಿದ. ಅಡವಿಯಿಂದ ತಂದ ಗೂಡೂ ಕಾನೂನಿನ ಪ್ರಕಾರ ಅಡವಿಯ ಉತ್ಪನ್ನವೇ. ಜೇನಿನಂತೆ, ಮೇಣದಂತೆ ಅದನ್ನು ಸಾಗಿಸುವುದಕ್ಕೂ ರಹದಾರಿ ಬೇಕೆಂದು ತಿಳಿಸಿದ. ಶಾಸ್ತ್ರಿಗಳು ಕೋಪಗೊಳ್ಳಲಿಲ್ಲ. ಮೂರನೆಯ ಸಂತೆಗೆ ಜೀವವಿರುವ ಗೂಡುಗಳನ್ನು ಹೇಳಿಟ್ಟು, ಅವಕ್ಕೆ ರಹದಾರಿಯನ್ನೂ ಮಾಡಿಸಿಕೊಂಡರು.

೩. ಮಾನ್ವಿಯ ನಾಕೆ

ಆ ಮೂರನೆಯ ಸಂತೆಯ ದಿನ ರಾಯಚೂರಿನ ನೇರ ಬಸ್ಸು ತಪ್ಪಿತು. ಮಾನ್ವಿಯ ಮೇಲೆ ಸುತ್ತಿಹೋಗುವ ಬಸ್ಸು ಹತ್ತಿದೆವು. ಶಾಸ್ತ್ರಿಗಳ ತೊಡೆಯ ಮೇಲೆ ಬಿದಿರ ಬುಟ್ಟಿ. ಬಸ್ಸು ಹೊರಡುವವರೆಗೆ ಅವರು ಒಂದೊಂದೇ ಗೂಡನ್ನು ಅಂಗೈಯಲ್ಲಿ ತೂಗಿನೋಡಿ, ಹಗುರವಾದವು ಗಂಡು, ತೂಕದವು ಹೆಣ್ಣು ಎಂದು ವಿಂಗಡಿಸಿದರು. ತೂಕದ್ದು ಒಂದೇ ಇತ್ತು.

ಬಸ್ಸಿನ ಸೆಕೆಗೋ ಕುಲುಕಾಟಕ್ಕೋ ಆ ಒಂದೇ ಹೆಣ್ಣು ದಾರಿಯಲ್ಲಿಯೇ ಗೂಡೊಡೆದು ಹೊರಬಂದಿತು. ಮಾನ್ವಿಯ ಅರಣ್ಯ ನಾಕೆಯಲ್ಲಿ ತಪಾಸಣೆಗೆ ಬಸ್ಸು ನಿಲ್ಲಿಸಿ ಕಾವಲುಗಾರನು ಬುಟ್ಟಿಯೊಳಗೆ ಇಣುಕಿದಾಗ ಅದು ಅರಿಸಿನ ಬಣ್ಣದ ರೆಕ್ಕೆಗಳನ್ನು ಬಿಚ್ಚಿ ಗಂಭೀರವಾಗಿ ಕುಳಿತಿತ್ತು. ಅವನು ರಹದಾರಿ ಓದಿದ, ಗೂಡು ಎಣಿಸಿದ, ಲೆಕ್ಕ ಸರಿಯಾಗಿತ್ತು. ಆದರೆ ಪತಂಗವು ರಹದಾರಿಯಲ್ಲಿರಲಿಲ್ಲ. ಅದು ಗೂಡಿನೊಳಗೇ ಇತ್ತೆಂದು ಶಾಸ್ತ್ರಿಗಳೂ, ಹೌದೆಂದು ನಾನೂ, ಬಸ್ಸಿನ ಅರ್ಧ ಮಂದಿಯೂ ಸಾಕ್ಷಿ ನುಡಿದೆವು. ಬಸ್ಸು ತಡವಾಗುತ್ತಿದೆಯೆಂದು ಕಂಡಕ್ಟರ್ ಸಾಹೇಬರು ಇಳಿದು ಬಂದರು.

"ಅರೆ ಭಾಯಿ, ಮಾಸ್ತರ್ ಮಂದಿ ಅದಾರ, ಬಿಟ್ಟುಬಿಡು."

ಕಾವಲುಗಾರನು ರಹದಾರಿಯನ್ನು ಮತ್ತೊಮ್ಮೆ ಓದಿದ. ಅವನೂ ಕೆಟ್ಟವನಲ್ಲ.

"ಒಂದು ಕೆಲಸ ಮಾಡ್ರಿ ಸರ್. ಅದಕ್ಕ ವಾಪಸ್ ಒಳಗ ಹೋಗಾಕ ಹೇಳ್ರಿ. ನಾ ಈ ಕಡಿ ಮುಖ ಮಾಡಿ ನಿಂದರ್ತೀನಿ."

೪. ಕಚೇರಿಯ ಸಂತಾನ

ಒಳಗೆ ಹೋಗಲಾರದ ಪತಂಗವು ಮಾನ್ವಿಯ ಅರಣ್ಯ ಕಚೇರಿಗೆ ಹೋಯಿತು. ಬೆನ್ನಹಿಂದೆ ನಾವೂ ಹೋದೆವು. ಅಲ್ಲಿಯ ಅಧಿಕಾರಿಗಳು ಸಜ್ಜನರು, ಆದರೆ ನಿಯಮದ ಒಂದಕ್ಷರವನ್ನೂ ದಾಟದವರು. ಗೂಡುಗಳನ್ನು ಒಯ್ಯಬಹುದು, ಪತಂಗದ ವಿಷಯದಲ್ಲಿ ರಾಯಚೂರಿನ ಮೇಲಧಿಕಾರಿಗಳ ಅಭಿಪ್ರಾಯ ಬರುವ ತನಕ ಅದು ಜಪ್ತಿಯಲ್ಲಿರತಕ್ಕದ್ದು ಎಂದು ತೀರ್ಪಿತ್ತರು. ಮಿರಗದ ಮಳೆ ಮುಗಿಯುತ್ತ ಬಂದಿತ್ತು. ಶಾಸ್ತ್ರಿಗಳು ಅಧಿಕಾರಿಗಳ ಮೇಜಿನ ಬಳಿಗೆ ಸರಿದರು. ಇರುವುದು ಇದೊಂದೇ ಹೆಣ್ಣು, ವಾರದೊಳಗೆ ಸಾಯುತ್ತದೆ ಎಂದರು. ಅಧಿಕಾರಿಗಳು ಸಮಾಧಾನ ಹೇಳಿದರು.

"ಚಿಂತಿ ಬಿಡ್ರಿ ಸರ್, ತಿನ್ನಾಕ ನಾ ಹಾಕಸ್ತೀನಿ."

"ಅದಕ್ಕ ಬಾಯಿ ಇಲ್ರೀ, ಸಾಹೇಬ್ರ."

"ಛಲೋ ಆತು. ಹೇಳಿಕಿ ಬರ್ಕೊಳ್ಳೂದು ತಪ್ಪಿತು."

ಗಾಳಿಗಾಗಿ ಕಿಟಕಿಯನ್ನೂ ಬುಟ್ಟಿಯ ಮುಚ್ಚಳವನ್ನೂ ತೆರೆದಿಡಬೇಕೆಂದು ಶಾಸ್ತ್ರಿಗಳು ಬೇಡಿಕೊಂಡರು. ಹೊಟ್ಟೆತುಂಬ ತತ್ತಿಯಿರುವ ಹೆಣ್ಣು ಹಾರಿಹೋಗದೆಂದು ಭರವಸೆಯನ್ನೂ ಕೊಟ್ಟರು. ಅಧಿಕಾರಿಗಳು ಒಪ್ಪಿದರು. ನಾವು ಅದೇ ಊರಿನಲ್ಲಿದ್ದ ನನ್ನ ಹಳೆಯ ಶಿಷ್ಯನ ಮನೆಯಲ್ಲಿ ಉಳಿದೆವು.

ಬೆಳಿಗ್ಗೆ ನಾವು ಹೋದಾಗ ಜವಾನನು ಬೀಗ ತೆಗೆದು ಒಳಗಿಣುಕಿ ಹಾಗೆಯೇ ಹಿಂದೆ ಸರಿದು ನಿಂತಿದ್ದ. "ಸಾಹೇಬ್ರ, ಒಳಗ ಮಂದಿ ಭಾಳ ಅದಾರ್ರಿ."

ಅರಣ್ಯದ ನಕಾಶೆಯ ಮೇಲೊಂದು ಗಂಡು ಪತಂಗ, ಗೋಡೆಗೆ ತೂಗಿದ್ದ ಅಧಿಕಾರಿಗಳ ಟೋಪಿಯ ಮೇಲೊಂದು, ಕಿಟಕಿಯ ಸರಳಿನ ಮೇಲೆ ಇನ್ನೂ ಕೆಲವು. ಬುಟ್ಟಿಯಲ್ಲಿ ನಮ್ಮ ಹೆಣ್ಣಿನ ಜತೆಗೂಡಿ, ಯಾವ ಕಾನೂನಿಗೂ ಅಂಜದೆ, ಮತ್ತೊಂದು. ಹೆಣ್ಣಿನ ಮೈವಾಸನೆ ಗಾಳಿಯಲ್ಲಿ ಹರಡಿದರೆ ಹರದಾರಿ, ಎಂದರೆ ಮೂರು ಮೈಲಿ, ದೂರದ ಗಂಡುಗಳೂ ಹುಡುಕಿಕೊಂಡು ಬರುತ್ತವೆಂದು ಶಾಸ್ತ್ರಿಗಳು ಆನಂದದಿಂದ ತೊದಲುತ್ತ ವಿವರಿಸಿದರು. ಜವಾನನು ತಲೆದೂಗಿದ.

"ಜಪ್ತಿ ಮಾಲು ಕಡಿಮಿ ಆದದ್ದು ಭಾಳ ಸಲ ನೋಡೀನ್ರಿ. ಹೆಚ್ಚಾದದ್ದು ಇದಽ ಮೊದಲು."

ಮರುದಿನ ಬೆಳಗಾಗುವಷ್ಟರಲ್ಲಿ ಹೆಣ್ಣು ಮೇಜಿನ ಮೇಲೂ, ತನ್ನದೇ ಜಪ್ತಿಯ ಫೈಲಿನ ಅಂಚಿಗೂ ಸಾಲುಸಾಲಾಗಿ ತತ್ತಿಯಿಟ್ಟಿತ್ತು. ಶಾಸ್ತ್ರಿಗಳು ಕೈಮುಗಿದು ನಿಂತರು. ಅಧಿಕಾರಿಗಳು ಕಾನೂನಿನ ಪುಸ್ತಕವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ನಮ್ಮನ್ನು ನೋಡಿದರು.

"ಅಡವಿಯಿಂದ ತಂದದ್ದು ಅಂದ್ರ ಅಡವಿ ಮಾಲು. ಈ ತತ್ತಿ ಹುಟ್ಟಿದ್ದೆಲ್ಲಿ?"

"ನಿಮ್ಮ ಟೇಬಲ್ ಮ್ಯಾಲ್ರಿ," ಎಂದರು ಶಾಸ್ತ್ರಿಗಳು.

"ಹಂಗಾರ ಇವು ಅಡವಿ ಮಾಲಲ್ಲ. ಆಫೀಸಿನ್ಯಾಗ ಹುಟ್ಟಿದವಕ್ಕ ರಹದಾರಿ ಎಲ್ಲೀದು? ಬೇಗ ಒಯ್ಯಿರಿ ಸರ್. ಮರಿ ಆದ್ವಂದ್ರ ನಮ್ಮ ಸ್ಟಾಫ್ ಅಂತ ಪಗಾರ ಕೇಳ್ತಾವು."

ತಾಯಿಪತಂಗವು ಜಪ್ತಿಯಲ್ಲಿಯೇ ತೀರಿಕೊಂಡಿತು. ರಾಯಚೂರಿನಲ್ಲಿ ತತ್ತಿಗಳು ಮರಿಯಾದವು, ಮರಿಗಳು ಬಾರಿಗಿಡದ ಎಲೆಯನ್ನೆಲ್ಲ ತಿಂದು ಬರಿಯ ಮುಳ್ಳನ್ನು ಉಳಿಸಿದವು, ಗಿಡ ಚಿಗುರಿತು, ಕೊಡಲಿ ಬರಲಿಲ್ಲ. ಮೇಲಧಿಕಾರಿಗಳ ಅಭಿಪ್ರಾಯವು ದೀಪಾವಳಿಯ ತರುವಾಯ ಮಾನ್ವಿಗೆ ತಲುಪಿತು. ಪತಂಗವನ್ನು ಹಾರಿಬಿಡಲು ಅಡ್ಡಿಯಿಲ್ಲವೆಂದು ಅದರಲ್ಲಿ ಬರೆದಿತ್ತು.