ಅಟ್ಟಕ್ಕೇರಿದ ಮೀನಿನ ಕಿವಿಕಲ್ಲು

ಆಗ ನನಗೆ ಅರವತ್ತೆಂಟು. ಈಗ್ಗೆ ನಾಲ್ಕು ವರ್ಷದ ಹಿಂದಿನ ಮಾತು. ಕಣ್ಣು ಮಂಜಾಗಿತ್ತು, ಮಂಡಿ ಸವೆದಿತ್ತು. ಕಿವಿ ಮಾತ್ರ ಮದುವೆಯಾಗಿ ಬಂದಾಗ ಹೇಗಿತ್ತೋ ಹಾಗೇ ಇತ್ತು. ಆ ಕಿವಿಯೇ ನನ್ನ ಮಾನ ಕಳೆಯಿತು.

ನಮ್ಮದು ದಂಡಿನಶಿವರದ ಕಡೆ ತೆಂಗಿನ ತೋಟದ ಮನೆ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಹೆಚ್ಚೂಕಡಿಮೆ ಒಂದು ವರ್ಷ ಅಲ್ಲೇ ಒಣಗಬೇಕು. ಒಣಗಿತೋ ಇಲ್ಲವೋ ಅಂತ ಒಡೆದು ನೋಡುವವರು ದಡ್ಡರು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರು ಕುಲುಕಿದರೆ ಇನ್ನೂ ಹಸಿ. ಒಳಗಿನ ಗಿಟುಕು ಚಿಪ್ಪು ಬಿಟ್ಟು ಲೊಟಲೊಟ ಅಂದರೆ ಕೊಬ್ಬರಿ ಆಯಿತು. ಇದರಲ್ಲಿ ನಾನು ತಪ್ಪಿದವಳೇ ಅಲ್ಲ. ಊರವರು ಅಕ್ಕಪಕ್ಕದ ಅಟ್ಟಕ್ಕೂ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಆದರೆ ಒಬ್ಬರಾದರೂ ನನಗೆ ಒಂದು ಶಾಲು ಹೊದಿಸಿದರೇ? ಇಲ್ಲ! ಕಾಫಿ ಕೊಟ್ಟು ಕಳಿಸುತ್ತಿದ್ದರು. ಅದೂ ಸಕ್ಕರೆ ಕಮ್ಮಿ.

ನಮ್ಮ ಗೋಡೆಗೆ ಅಂಟಿಕೊಂಡಿರುವ ಮನೆ ಗೌರಮ್ಮನದು. ನನ್ನ ಮೈದುನನ ಹೆಂಡತಿ. ಅವಳ ಮಗಳು ಸುಮಿತ್ರ ಓದಿ ಓದಿ ವಿಜ್ಞಾನಿಯಾದಳು. ಹೃದಯ ನೋಡುವ ಡಾಕ್ಟರಲ್ಲ, ರಾಕೆಟ್ ಹಾರಿಸುವವಳೂ ಅಲ್ಲ. ಸತ್ತ ಮೀನಿನ ಕಿವಿಯಲ್ಲಿರುವ ಕಲ್ಲು ಹುಡುಕುವ ವಿಜ್ಞಾನಿ! ಅದಕ್ಕೆ ಸಂಬಳ ಬೇರೆ.

ಒಂದು ದಿನ ನಲ್ಲಿ ಹತ್ತಿರ ಗೌರಮ್ಮ ಶುರು ಮಾಡಿದಳು.

"ಅಕ್ಕ, ನಮ್ ಸುಮಿ ಹೆಸರು ಪೇಪರ್‌ನಾಗೆ ಬಂದೈತೆ ಕಣಕ್ಕ. ಕೋಟಿಗಟ್ಲೆ ವರ್ಷದ ಹಿಂದೆ ಸಮುದ್ರ ಇದ್ದ ಜಾಗವಂತೆ. ಈಗ ಬರೀ ಗುಡ್ಡ. ಆ ಮಣ್ಣು ಜರಡಿ ಹಿಡಿದು ಮೀನಿನ ಕಿವಿಕಲ್ಲು ಆರಿಸ್ತಾಳೆ. ಮೀನಿನ ಮೈ ಮಣ್ಣಾಗಿ ಹೋದ್ರೂ ಕಿವಿಕಲ್ಲು ಉಳೀತದಂತೆ. ಅದ್ರಾಗಿರೋ ಗೆರೆ ಎಣಿಸಿ ಮೀನಿನ ವಯಸ್ಸು ಹೇಳ್ತಾಳೆ."

"ತೆಂಗಿನ ಮರಕ್ಕೂ ಗೆರೆ ಅವೆ ಬುಡು," ಅಂದೆ.

"ಯಾರೂ ಕಾಣದ ಒಂದು ಮೀನಿಗೆ ಹೆಸರೂ ಇಟ್ಟವ್ಳೆ. ಬರೀ ಕಿವಿಕಲ್ಲು ನೋಡಿ!"

ಮೈ ನೋಡದೆ ಹೆಸರಿಡುವುದು! ನಮ್ಮಲ್ಲಿ ಕೂಸಿಗೂ ಮುಖ ನೋಡಿಯೇ ಹೆಸರಿಡುತ್ತೇವೆ. ಮನೆಗೆ ಹೋಗಿ ಆ ಪೇಪರು ತರಿಸಿಕೊಂಡೆ. ನಾನು ಅಕ್ಷರ ಕೂಡಿಸಿ ಓದುವವಳು. ಒಂದು ಸಾಲಿಗೆ ಒಂದು ಲೋಟ ಕಾಫಿ ಬೇಕು. ಮೂರನೇ ಲೋಟಕ್ಕೆ ಆ ಸಾಲು ಸಿಕ್ಕಿತು. 'ನಮ್ಮ ತಾಯಿಯೇ ನನಗೆ ಸ್ಫೂರ್ತಿ.'

ನನ್ನ ಹೊಟ್ಟೆಯಲ್ಲಿ ಒಲೆ ಹತ್ತಿಕೊಂಡಿತು. ಚಿಕ್ಕಂದಿನಲ್ಲಿ ಸುಮಿ ಬೆಳೆದದ್ದೇ ನನ್ನ ಅಟ್ಟದ ಮೇಲೆ. ಒಡೆಯದೆ ಒಳಗಿರುವುದನ್ನು ಹೇಳುವುದು ಹೇಗೆ ಅಂತ ತೋರಿಸಿದವಳು ನಾನು. ಗೌರಮ್ಮನಿಗೋ ಹಸಿ ಕಾಯಿಗೂ ಕೊಬ್ಬರಿಗೂ ವ್ಯತ್ಯಾಸ ತಿಳಿಯುವುದು ಚಟ್ನಿ ರುಬ್ಬಿದ ಮೇಲೆಯೇ!

ಅಷ್ಟರಲ್ಲಿ ಊರಿನ ಶಾಲೆಯವರು ಸುಮಿಗೆ ಸನ್ಮಾನ ಗೊತ್ತುಮಾಡಿದರು. ಬರುವ ತಿಂಗಳು. ಸುಮಿಗೊಂದು ಶಾಲು, ಹೆತ್ತವಳು ಅಂತ ಗೌರಮ್ಮನಿಗೊಂದು ಶಾಲು. ದೊಡ್ಡವ್ವನಾದ ನನಗೆ? ಮುಂದಿನ ಸಾಲಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ.

ನಾನು ತೀರ್ಮಾನಿಸಿದೆ. ಆ ಸಭೆಯಲ್ಲಿ ನಾನೇ ತೆಗೆದ ಕಿವಿಕಲ್ಲನ್ನು ಸುಮಿಯ ಕೈಗೆ ಇಡಬೇಕು. ಅವಳು ಮೈಕಿನಲ್ಲಿ "ನಮ್ಮ ದೊಡ್ಡವ್ವ" ಅನ್ನಬೇಕು. ಶಾಲೆಯವರು ಶಾಲಿಗೆ ಓಡಬೇಕು. ಗೌರಮ್ಮ ನೋಡಬೇಕು!

ವಿಧಾನದ ಬಗ್ಗೆ ಅನುಮಾನವೇ ಇರಲಿಲ್ಲ. ಕಾಯಿಗೆ ಯಾವುದೋ ಮೀನಿಗೂ ಅದೇ. ಹಸಿಯಾಗಿದ್ದಾಗ ಕಲ್ಲು ಅಂಟಿಕೊಂಡಿರುತ್ತದೆ. ಅಟ್ಟದ ಮೇಲೆ ಒಣಗಿಸಿದರೆ ಬಿಟ್ಟುಕೊಂಡು ಲೊಟಲೊಟ ಅನ್ನುತ್ತದೆ. ಈ ಶಾಸ್ತ್ರವನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಕಲಿಸುವುದೂ ಇಲ್ಲ!

ಕೆರೆಯಲ್ಲಿ ಮೀನು ಹಿಡಿಯುವ ದಿನ ಹೋದೆ. ಒಂದು ದಪ್ಪ ಕಾಟ್ಲಾ ಮೀನು ಎತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಅದಕ್ಕೆ ಇನ್ನೂ ಜೀವವಿತ್ತು. ಬಾಲದಿಂದ ಕೆನ್ನೆಗೆ ಬಾರಿಸಿತು!

"ಏನಜ್ಜಿ, ಏನಂತು ಮೀನು?" ಅಂದ ಮೀನಿನವನು.

"ಇನ್ನೂ ಹಸಿ ಅಂತು. ನಾಕು ಕೊಡು."

ಮನೆಯಲ್ಲಿ ಸಾರು ಮಾಡಿದೆ. ನಮ್ಮ ಯಜಮಾನರು ತಟ್ಟೆಯಲ್ಲಿ ಕೈಯಾಡಿಸಿ ಹುಡುಕಿದರು.

"ಲೇ ಕೆಂಪಿ, ತಲೆ ಎಲ್ಲೇ?"

"ಬೆಕ್ಕು ತಿಂತು."

"ನಾಕೂ ತಲೇನಾ?"

"ನಾಕು ಬೆಕ್ಕು ಬಂದಿದ್ವು."

ಮೀನಿನ ತಲೆ ಅಂದರೆ ಪ್ರಾಣ ಬಿಡುವ ಮನುಷ್ಯ. ನಾಲ್ಕು ದಿನ ಸಿಕ್ಕಿದ ಬೆಕ್ಕಿಗೆಲ್ಲ ಕಲ್ಲು ಬೀರಿಕೊಂಡು ತಿರುಗಿದರು. ತಲೆಗಳಿಗೆ ನಾನು ಉಪ್ಪು ಸವರಿ, ಅಟ್ಟದ ತೊಲೆಗೆ ದಾರ ಕಟ್ಟಿ ನೇತುಹಾಕಿದ್ದೆ. ಕೆಳಗೆ ತಿಪಟೂರು ಮಾರುಕಟ್ಟೆಗೆ ಹೋಗಬೇಕಾದ ಎರಡು ಚೀಲ ಉಂಡೆ ಕೊಬ್ಬರಿ ಬಾಯಿ ತೆರೆದುಕೊಂಡು ನಿಂತಿದ್ದವು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಬುದ್ಧಿಗೆ ಬಿದ್ದಿರಲಿಲ್ಲ.

ದಿನಾ ಬೆಳಿಗ್ಗೆ ಏಣಿ ಹತ್ತಿ ಒಂದೊಂದು ತಲೆಯನ್ನೂ ಕಿವಿಗೆ ಹಿಡಿಯುತ್ತಿದ್ದೆ. ಸದ್ದಿಲ್ಲ. ವಾಸನೆ ಮಾತ್ರ ಜೋರಾಗಿ ಮಾತಾಡುತ್ತಿತ್ತು. ಯಜಮಾನರಿಗೆ ಹೊತ್ತುಹೊತ್ತಿಗೆ ನಸ್ಯ ಏರಿಸಿ ಏರಿಸಿ ಮೂಗು ಸತ್ತುಹೋಗಿದೆ, ಅವರಿಗೆ ಗೊತ್ತಾಗಲಿಲ್ಲ. ಗೌರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದಳು.

"ಅಕ್ಕ, ಏನೋ ಗಬ್ಬು ವಾಸನೆ ಕಣಕ್ಕ."

"ನಾನೂ ಹೇಳಾನ ಅಂತಿದ್ದೆ ಕಣೇ. ನಿಮ್ಮನೆ ಕಡೆಯಿಂದ್ಲೇ ಬತ್ತೈತೆ. ಸುಮಿ ಬತ್ತಾಳೆ, ದೊಡ್ಡೋರೆಲ್ಲ ಬತ್ತಾರೆ, ನೋಡ್ಕೊ."

ಪಾಪದ ಹೆಂಗಸು ಮನೆಯೆಲ್ಲ ಖಾಲಿ ಮಾಡಿ ಮೂರು ಸಲ ತೊಳೆದಳು. ಫಿನಾಯಿಲ್ ಹುಯ್ದಳು. ಸಾಂಬ್ರಾಣಿ ಹಾಕಿದಳು. ನಾನು ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು "ಆ ಮೂಲೆಗೂ ಹಾಕೇ" ಅಂತ ತೋರಿಸುತ್ತಾ ಕೂತಿದ್ದೆ. ಆ ತಿಂಗಳು ನಾನು ಉಂಡ ಅನ್ನ ಮೈಗೆ ಹತ್ತಿದ್ದು ಅವತ್ತೊಂದೇ ದಿನ.

ಸನ್ಮಾನದ ಹಿಂದಿನ ದಿನ ಒಂದು ತಲೆ ಲೊಟಲೊಟ ಅಂದಿತು! ಓಡಿಹೋಗಿ ಚಿಪ್ಪು ಒಡೆಯುವ ಕಲ್ಲಿನ ಮೇಲಿಟ್ಟು ಮಚ್ಚಿನ ಹಿಂಬದಿಯಲ್ಲಿ ಒಂದೇಟು ಬಿಟ್ಟೆ. ಅರ್ಧ ತಲೆ ಹಿತ್ತಿಲಿಗೆ ಹಾರಿತು. ಉಳಿದ ಅರ್ಧದಲ್ಲಿ ಅವರೆಕಾಳಿನಷ್ಟು ಬೆಳ್ಳಗಿನ ಗಟ್ಟಿ ಕಲ್ಲು! ತೊಳೆದು, ಅರಿಶಿನ ಕುಂಕುಮ ಇಟ್ಟು, ಎಲೆಅಡಿಕೆ ಚೀಲದಲ್ಲಿ ಕಟ್ಟಿಕೊಂಡೆ.

ಮಾರನೆಯ ದಿನ ಯಜಮಾನರು ಅಟ್ಟದ ಕತ್ತಲಲ್ಲಿ ಮೇಲೆ ನೋಡದೆ ಚೀಲದ ಬಾಯಿ ಹೊಲಿದು, ಲಗೇಜ್ ಆಟೋದಲ್ಲಿ ಹಾಕಿಕೊಂಡು ತಿಪಟೂರಿಗೆ ಹೋದರು. ನಾನು ರೇಷ್ಮೆ ಸೀರೆ ಉಟ್ಟು ಸಭೆಗೆ ಹೋದೆ. ಸುಮಿಗೆ ಬಿಳಿ ಶಾಲು, ಗೌರಮ್ಮನಿಗೆ ಕಡುನೇರಳೆ ಶಾಲು, ಅಂಚಿಗೆ ಜರಿ. ಗೌರಮ್ಮ ಆ ಸೆಖೆಯಲ್ಲಿ ಅದನ್ನು ಕತ್ತಿನವರೆಗೂ ಹೊದ್ದು ಕೂತಿದ್ದಳು. ನನಗೆ ಹೊದೆಯದೆಯೇ ಬೆವರು.

ಸುಮಿ ಮಾತು ಮುಗಿಸುವಾಗ, "ಈಗಿನ ಮೀನಿನ ಕಿವಿಕಲ್ಲನ್ನು ಪಕ್ಕದಲ್ಲಿ ಇಟ್ಟುಕೊಂಡೇ ಹಳೆಯದನ್ನು ಗುರುತು ಹಿಡಿಯುವುದು" ಅಂದಳು. ಇದೇ ಸಮಯ ಅಂತ ಎದ್ದು ವೇದಿಕೆ ಹತ್ತಿದೆ.

"ತಗೊ ಮಗಾ. ನಿಮ್ಮ ದೊಡ್ಡವ್ವನೇ ಅಟ್ಟದ ಮೇಲೆ ತಲೆ ಒಣಗಿಸಿ, ಒಡೆದು ತೆಗೆದಿದ್ದು. ಮೈಕಿನಾಗೆ ಹೇಳು."

ಸುಮಿಯ ಮುಖ ಅರಳಿತು. ಕೊರಳಲ್ಲಿ ನೇತಾಡುತ್ತಿದ್ದ ಭೂತಗನ್ನಡಿ ಹಿಡಿದು ನೋಡಿದಳು. ತಿರುಗಿಸಿ ನೋಡಿದಳು. ಆಮೇಲೆ ಮೈಕಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಹೇಳಿದಳು.

"ದೊಡ್ಡವ್ವ, ಇದು ಹಲ್ಲು."

"ಯಾರ ಹಲ್ಲೇ?"

"ಮೀನಿಂದೇ. ಇಂಥ ಮೀನಿಗೆ ಗಂಟಲೊಳಗೆ ಹಲ್ಲಿರ್ತವೆ. ಕಿವಿಕಲ್ಲು ಇನ್ನೂ ಸಣ್ಣದು. ನೀನು ಒಡೆದಾಗ ಎಲ್ಲೋ ಹಾರಿಹೋಗಿರ್ತದೆ. ತಲೆ ಒಣಗಿಸೋದೂ ಬೇಡ, ಹಸೀದ್ರಲ್ಲೇ ಎರಡು ನಿಮಿಷಕ್ಕೆ ತೆಗೀಬಹುದು."

ಕಿವಿಗೆ ಕೈ ಹಾಕಿದರೆ ಹಲ್ಲು ಸಿಕ್ಕಿತ್ತು. ನಾನು ಮೆಟ್ಟಿಲಿಳಿಯಬೇಕು, ಅಷ್ಟರಲ್ಲಿ ಶಾಲೆಯ ಮುಂದೆ ಲಗೇಜ್ ಆಟೋ ನಿಂತಿತು. ಎರಡು ಚೀಲವೂ ವಾಪಸ್ಸು! ಯಜಮಾನರು ಕೈಯಲ್ಲೊಂದು ಕವರು ಹಿಡಿದುಕೊಂಡು ಸಭೆಯ ಮಧ್ಯದಲ್ಲೇ ಬಂದರು. ಅವರಿಗೆ ಮೈಕು ಬೇಕಾಗುವುದಿಲ್ಲ.

"ಲೇ ಕೆಂಪೀ! ಮಂಡಿಯೋರು ಚೀಲ ಸುರುವಿದ್ರೆ ಗಿಟುಕಿನ ಮಧ್ಯೆ ಇದು ಉಳ್ಳಿಕೊಂಡು ಬಂತು! 'ಏನ್ ಗೌಡ್ರೇ, ಕೊಬ್ಬರಿ ತಂದಿದೀರೋ ಒಣಮೀನು ತಂದಿದೀರೋ' ಅಂತ ಮಾರ್ಕೆಟ್ಟೇ ನಗ್ತು. ಬೆಕ್ಕು ತಿಂತಾ? ನನ್ ತಲೆ ಬೆಕ್ಕು ತಿಂತಾ?"

ಕವರಿನಿಂದ ಮೀನಿನ ತಲೆ ಹೊರಗೆ ಬಂತು. ದಾರ ಇನ್ನೂ ಹಾಗೇ ಇತ್ತು.

ಸಭೆ ಮೂಗು ಮುಚ್ಚಿಕೊಂಡು ನಕ್ಕಿತು. ಮೂಗು ಮುಚ್ಚಿಕೊಂಡು ನಗುವುದು ಎಷ್ಟು ಕಷ್ಟ ಅಂತ ಅವತ್ತು ನೋಡಿದೆ. ಗೌರಮ್ಮ ಮಾತ್ರ ನಗಲಿಲ್ಲ. "ಅಕ್ಕ... ನಾನು ಮೂರು ಸಲ ಮನೆ ತೊಳೆದ್ನಲ್ಲಕ್ಕ," ಅಂದಳು.

ಸುಮಿಗೆ ಇದ್ಯಾವುದೂ ಕಿವಿಗೆ ಬೀಳಲಿಲ್ಲ. ಅವಳ ಕಣ್ಣೆಲ್ಲ ಆ ತಲೆಯ ಮೇಲೆ. "ಅವ್ವ, ನಿನ್ನ ಶಾಲು ಕೊಡು. ಕಪ್ಪಗಿದ್ರೆ ಕಲ್ಲು ಕಾಣ್ತದೆ," ಅಂತ ಗೌರಮ್ಮನ ಹೆಗಲಿನಿಂದ ಎಳೆದು ಮೇಜಿನ ಮೇಲೆ ಹಾಸಿದಳು. ತಲೆಯನ್ನು ಅದರ ಮೇಲಿಟ್ಟು, ತನ್ನ ಚೀಲದಿಂದ ಚಾಕು ಚಿಮಟ ತೆಗೆದು ಬಿಡಿಸಿದಳು. ಜರಿಯಂಚಿನ ಮೇಲೆಲ್ಲ ಉಪ್ಪು, ಪೊರೆ, ಇನ್ನೂ ಏನೇನೋ. ಕೊನೆಗೆ ಚಿಮಟದ ತುದಿಯಲ್ಲಿ ಅಕ್ಕಿ ನುಚ್ಚಿನಂಥ ಒಂದು ಚೂರು ಎತ್ತಿ ಹಿಡಿದಳು. "ಇದೇ!" ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನುಚ್ಚಿಗೆ!

ಆಮೇಲೆ ಮೈಕಿನಲ್ಲಿ ಹೇಳಿಯೂ ಹೇಳಿದಳು. "ಇದನ್ನು ಒಣಗಿಸಿದವರು ನಮ್ಮ ದೊಡ್ಡವ್ವ. ಕೊಬ್ಬರಿ ಅಟ್ಟದ ಮೇಲೆ." ನಾನು ಒಂದು ತಿಂಗಳು ಕಾದಿದ್ದ ಮಾತು. ಮತ್ತೆ ನಗು.

ಸಭೆ ಮುಗಿದ ಮೇಲೆ ಗೌರಮ್ಮ ಶಾಲಿನ ಒಂದು ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಂದಳು.

"ತಗೊ ಅಕ್ಕ, ನೀನೇ ಇಟ್ಕೊ. ನಂಗೆ ಬ್ಯಾಡ."

ಅವಳು ಬೇಡ ಅಂದದ್ದನ್ನು ತಗೊಳ್ಳುವಷ್ಟು ಕೆಟ್ಟುಹೋಗಿಲ್ಲ ನಾನು ಅಂತ ಹೇಳಬೇಕಿತ್ತು. ತಗೊಂಡೆ. ಜರಿ ಚೆನ್ನಾಗಿತ್ತು.

ಮಾರನೆಯ ಬೆಳಿಗ್ಗೆ ಎದ್ದವಳೇ ಸೀಗೆಪುಡಿ ಹಾಕಿ ಆ ಶಾಲನ್ನು ತಿಕ್ಕಿ ತಿಕ್ಕಿ ಒಗೆದೆ. ಗೌರಮ್ಮ ಬಾಗಿಲು ತೆರೆದರೆ ಮೊದಲು ಅದೇ ಕಾಣಬೇಕು ಅಂತ, ಅವಳ ಬಾಗಿಲಿಗೆ ಎದುರಾಗಿ ತಂತಿ ಕಟ್ಟಿ, ಜರಿ ಕಾಣುವಂತೆ ಹರವಿದೆ. ಜಗಲಿಯ ಮೇಲೆ ಕೂತು ಕಾದೆ.

ಅವಳು ಬಾಗಿಲು ತೆರೆಯುವುದರೊಳಗೆ ನಾಲ್ಕು ಬೆಕ್ಕು ಬಂದವು.